ಹಳೇ 1035: ಲಿಫ್ಟ್ ನಿಲ್ತಿಲ್ಲ, ಓರಿಂಗ್ ಹಾಕಿ ಎರಡೇ ತಿಂಗಳು

ಹೊಳವನಹಳ್ಳಿ 1035

ನಮ್ಮದು ಹಳೇ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್. ಹಿಂದಿನ ಹೈಡ್ರಾಲಿಕ್ ಲಿಫ್ಟಿನಲ್ಲಿ ಒಂಬತ್ತು ಹಲ್ಲಿನ ಕಲ್ಟಿವೇಟರ್ ಎತ್ತಿ ಇಂಜಿನ್ ಆಫ್ ಮಾಡಿದರೆ ನಾಲ್ಕು ನಿಮಿಷಕ್ಕೆ ಹಲ್ಲು ನೆಲ ಮುಟ್ಟುತ್ತೆ. ಇಂಜಿನ್ ಓಡ್ತಿದ್ದರೆ ಮೇಲೇ ಇರುತ್ತೆ, ಆದರೆ ಐದಾರು ಸೆಕೆಂಡಿಗೊಮ್ಮೆ ಬಿಕ್ಕಳಿಕೆ ಬಂದ ಹಾಗೆ ಅರ್ಧ ಇಂಚು ಎಗರುತ್ತೆ. ಎರಡು ತಿಂಗಳ ಹಿಂದೆ ಲಿಫ್ಟಿನ ಟಾಪ್ ಕವರ್ ಬಿಚ್ಚಿ ಪಿಸ್ಟನ್ ಓರಿಂಗ್ (ಎಣ್ಣೆ ತಡೆಯೋ ರಬ್ಬರ್ ಬಳೆ) ಬದಲಾಯಿಸಿದ್ದಾಗಿದೆ. ಹದಿನೈದು ದಿನ ಚೆನ್ನಾಗಿತ್ತು, ಆಮೇಲೆ ಮೊದಲಿನ ಹಾಗೇ. ಎಣ್ಣೆ ಮಟ್ಟ ಸರಿಯಾಗಿದೆ. ಹೊರಗೆ ಬಲಗಡೆ ಲಿಫ್ಟ್ ಆರ್ಮ್ ಬುಡದಲ್ಲಿ ಸ್ವಲ್ಪ ಜಿನುಗು ಬಿಟ್ಟರೆ ಎಲ್ಲೂ ಒದ್ದೆ ಇಲ್ಲ. ಮತ್ತೊಂದು ಸಲ ಕವರ್ ಎತ್ತೋ ಮೊದಲು ಏನೇನು ನೋಡ್ಕೋಬೇಕು?

ಚಿಂತಾಮಣಿ ಮೆಕ್ಯಾನಿಕ್

ಅಣ್ಣ, ಕವರ್ ಈಗಲೇ ಎತ್ತಬೇಡಿ. ಲಿಫ್ಟ್ ಇಳೀತು ಅಂದ ತಕ್ಷಣ ಎಲ್ಲರೂ ಪಿಸ್ಟನ್ ಓರಿಂಗ್ ಮೇಲೇ ಕಣ್ಣು ಹಾಕ್ತಾರೆ. ಈ ಗಾಡಿಯಲ್ಲಿ ಎಣ್ಣೆ ತಪ್ಪಿಸಿಕೊಳ್ಳೋಕೆ ಕಡೇ ಪಕ್ಷ ನಾಲ್ಕು ದಾರಿ ಇವೆ: ರ್‍ಯಾಮ್ ಸಿಲಿಂಡರಿನ (ಎಣ್ಣೆ ಒತ್ತಡದಲ್ಲಿ ಆರ್ಮ್ ಎತ್ತೋ ಸಿಲಿಂಡರ್) ಪಿಸ್ಟನ್, ಪಂಪಿನಿಂದ ಕವರಿಗೆ ಬರೋ ನಿಂತ ಪೈಪಿನ ಓರಿಂಗ್, ಪಂಪಿನ ರಿಲೀಫ್ ವಾಲ್ವ್, ಪಂಪಿನೊಳಗಿನ ಕಂಟ್ರೋಲ್ ವಾಲ್ವ್ ಮತ್ತು ಅದರ ವಾಷರುಗಳು. ಮೊದಲ ಎರಡನ್ನು ಕವರ್ ಎತ್ತದೇ ಕಣ್ಣಲ್ಲೇ ನೋಡಬಹುದು.

ಬಲಗಡೆ ಡಿಪ್‌ಸ್ಟಿಕ್ ಇರೋ ಸೈಡ್ ಕವರ್ ಇದೆಯಲ್ಲ, ಅದರ ಕೆಳ ಅಂಚಿಗಿಂತ ತಗ್ಗು ಬರುವಷ್ಟು ಎಣ್ಣೆಯನ್ನು ಚೊಕ್ಕ ಡ್ರಮ್ಮಿಗೆ ಇಳಿಸಿ ಕವರ್ ಬಿಚ್ಚಿ. ಕಲ್ಟಿವೇಟರ್ ಎತ್ತಿ, ಅದರ ಚೌಕಟ್ಟಿನ ಕೆಳಗೆ ಎರಡಿಂಚು ಸಂದು ಬಿಟ್ಟು ಮರದ ದಿಮ್ಮಿ ಕೊಡಿ. ಇಂಜಿನ್ ಸ್ಲೋನಲ್ಲಿ ಬಿಟ್ಟು ಟಾರ್ಚ್ ಹಾಕಿ ಒಳಗೆ ನೋಡಿ. ಕೈ ಹಾಕಬೇಡಿ. ಪಿಟಿಒ ಶಾಫ್ಟ್ (ಇಂಜಿನ್ ಬಲ ಹಿಂದಕ್ಕೆ ಒಯ್ಯೋ ದಂಡ) ಅಲ್ಲೇ ತಿರುಗ್ತಿರುತ್ತೆ, ಅಂಗಿ ತೋಳು ಎಳೆದುಕೊಳ್ಳೋಕೆ ಒಂದು ಕ್ಷಣ ಸಾಕು.

ಸಿಲಿಂಡರಿನ ತೆರೆದ ಬಾಯಿಂದ ಎಣ್ಣೆ ಸುರೀತಿದ್ರೆ ಪಿಸ್ಟನ್ ಕಡೆಯದು. ಮುಂದಿನ ಪೈಪಿನ ಕುತ್ತಿಗೆಯಿಂದ ಪಿಚಕಾರಿ ಹೊಡೆದ ಹಾಗೆ ಬಂದರೆ ಪೈಪಿನ ಓರಿಂಗ್. ಎರಡೂ ಒಣಗಿದ್ದು ಲಿಫ್ಟ್ ಇಳೀತಿದ್ರೆ ಪಂಪ್ ಬಿಚ್ಚೋ ಕೆಲಸ, ಸಿಲಿಂಡರ್ ಮುಟ್ಟಿ ಪ್ರಯೋಜನ ಇಲ್ಲ.

ಇಂಜಿನ್ ಆಫ್ ಮಾಡಿ ಇಳಿಯೋ ವೇಗವನ್ನೂ ಅಳೆದಿಡಿ. ಗೋಡೆಗೆ ಸೀಮೆಸುಣ್ಣದಲ್ಲಿ ಲೋಯರ್ ಲಿಂಕ್ ತುದಿಯ ಎತ್ತರ ಗುರುತು ಹಾಕಿ, ನಿಮಿಷಕ್ಕೊಂದು ಗೆರೆ. ಬೆಳಿಗ್ಗೆ ತಣ್ಣಗಿದ್ದಾಗ ಒಂದು ಸಲ, ಒಂದು ಗಂಟೆ ಉತ್ತ ಮೇಲೆ ಇನ್ನೊಂದು ಸಲ. ಬಿಸಿಯಾದ ಮೇಲೆ ತೀರಾ ಬೇಗ ಇಳಿದರೆ ಲೋಹ-ಲೋಹದ ಸಂದಿನಿಂದ ತೆಳು ಎಣ್ಣೆ ಹೋಗ್ತಿದೆ. ತಣ್ಣಗಿದ್ದಾಗಲೇ ಹೆಚ್ಚು ಇಳಿದು ಬಿಸಿಯಾದ ಮೇಲೆ ಸುಧಾರಿಸಿದರೆ ರಬ್ಬರ್ ಸೆಟೆದು ಗಟ್ಟಿಯಾಗಿದೆ.

ಗೌರಿಬಿದನೂರು ಹಳೇಗಾಡಿ

ಬಿಕ್ಕಳಿಕೆ ಯಾಕೆ ಅಂತ ಹೇಳ್ತೀನಿ, ಅದು ಗೊತ್ತಾದ್ರೆ ಅರ್ಧ ಹುಡುಕಾಟ ತಪ್ಪುತ್ತೆ. 1035ರ ವಂಶ ಫರ್ಗುಸನ್‌ದು. 1946ರಲ್ಲಿ ಕೊವೆಂಟ್ರಿಯಲ್ಲಿ ಶುರುವಾದ ಟಿಇ20, ಅದರ ನಂತರದ 35, ಅದನ್ನೇ ಇಟ್ಟುಕೊಂಡು ಚೆನ್ನೈನ ಟ್ಯಾಫೆ (1960ರಲ್ಲಿ ಶುರುವಾಗಿದ್ದು) ಮಾಡಿದ ಗಾಡಿ. ಇದರ ಪಂಪು ಗೇರ್ ಪಂಪಲ್ಲ, ನಾಲ್ಕು ಸಿಲಿಂಡರಿನ ಪಿಸ್ಟನ್ ಪಂಪು. ಎಣ್ಣೆಯೊಳಗೇ ಮುಳುಗಿರುತ್ತೆ, ಕಂಟ್ರೋಲ್ ವಾಲ್ವ್ ಪಂಪು ಎಣ್ಣೆ ಹೀರೋ ಕಡೆ ಇರುತ್ತೆ. ಲಿವರ್ ಇಟ್ಟ ಎತ್ತರ ಮುಟ್ಟಿದ ಮೇಲೆ ವಾಲ್ವು ಹೀರೋ ದಾರಿಯನ್ನೂ ಮುಚ್ಚುತ್ತೆ, ಬಿಡೋ ದಾರಿಯನ್ನೂ ಮುಚ್ಚುತ್ತೆ. ಪಂಪು ಆಡ್ತಾ ಇರುತ್ತೆ, ಎಣ್ಣೆ ಹರಿಯಲ್ಲ. ಸಿಲಿಂಡರಿನಲ್ಲಿರೋ ಎಣ್ಣೆ ಬೀಗ ಹಾಕಿದ ಹಾಗೆ ನಿಂತಿರುತ್ತೆ.

ಈಗ ಎಲ್ಲೋ ಸೋರ್ತಿದೆ ಅನ್ನಿ. ಆರ್ಮ್ ಸ್ವಲ್ಪ ಇಳೀತು, ಲಿಂಕೇಜ್ ಅದನ್ನು ಕಂಡು ಹೀರೋ ದಾರಿ ತೆರೀತು, ಪಂಪು ತುಂಬಿಸ್ತು, ಮತ್ತೆ ಮುಚ್ಚಿತು. ಅದೇ ಬಿಕ್ಕಳಿಕೆ. ಎರಡು ಎಗರಿನ ನಡುವಿನ ಸಮಯವೇ ಸೋರಿಕೆಯ ಅಳತೆ. ನಿಮಿಷಕ್ಕೊಂದು ಸಲ ಎಗರಿದರೆ ಹಳೇ ಗಾಡಿಗೆ ಅದು ಸಹಜ ಅಂತ ಬಿಡಬಹುದು. ಐದು ಸೆಕೆಂಡಿಗೊಮ್ಮೆ ಅಂದರೆ ಸಣ್ಣದಲ್ಲ.

ಲೆಕ್ಕ ಬೇಕಾ? ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಮೂರಿಂಚು ಅಂತ ಹಿಡಿಯಿರಿ (ನಿಮ್ಮದನ್ನು ಅಳೆದೇ ನೋಡಿ, ಮಾಡೆಲ್ ಮೇಲೆ ಬದಲಾಗುತ್ತೆ). ಪಿಸ್ಟನ್ ಮುಖ ಸುಮಾರು 45.6 ಚದರ ಸೆಂ.ಮೀ. ಎತ್ತಿದ ಜಾಗದಿಂದ ಪೂರ್ತಿ ಇಳಿಯೋಕೆ ಪಿಸ್ಟನ್ 8 ಸೆಂ.ಮೀ. ಹಿಂದೆ ಸರಿದರೆ 365 ಮಿ.ಲೀ. ಎಣ್ಣೆ ಹೊರಗೆ ಬಂದಿರಬೇಕು. ನಾಲ್ಕು ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ 90 ಚಿಲ್ಲರೆ. ಹೆಚ್ಚು ಕಡಿಮೆ ಒಂದು ಟೀ ಲೋಟ. ಟಾರ್ಚ್ ಹಾಕಿದರೆ ಕಾಣದೇ ಇರಲ್ಲ.

ಪಾವಗಡ ಬಿ275

ಇಷ್ಟೆಲ್ಲಾ ಯಾಕೆ ಸ್ವಾಮಿ, 140 ಗೇರ್ ಆಯಿಲ್ ಹಾಕಿ. ನಮ್ಮ ಕಡೆ ಕಡ್ಲೆಕಾಯಿ ಸೀಸನ್ ಪೂರ್ತಿ ಹಂಗೇ ಓಡಿಸ್ತಾರೆ.

ಚಿಂತಾಮಣಿ ಮೆಕ್ಯಾನಿಕ್

ಓಡಿಸ್ತಾರೆ, ಆಮೇಲೆ ಪಂಪ್ ತಗೊಂಡು ಬರ್ತಾರೆ. ದಪ್ಪ ಎಣ್ಣೆ ಹಾಕಿದರೆ ಇಳಿಯೋದು ನಿಧಾನ ಆಗೋದು ನಿಜ. ಆದರೆ ಈ ಪಂಪು ಎಣ್ಣೆಯನ್ನು ಹೀರಿಕೋಬೇಕಲ್ಲ? ಬೆಳಿಗ್ಗೆ ಚಳಿಗೆ 140 ಎಣ್ಣೆ ಬೆಲ್ಲದ ಪಾಕ ಇದ್ದ ಹಾಗಿರುತ್ತೆ. ಪಂಪು ಹೊಟ್ಟೆ ತುಂಬದೇ ಗರ್ ಅನ್ನುತ್ತೆ, ಗಾಳಿಗುಳ್ಳೆ ಒಡೆದು ವಾಲ್ವ್ ಸೀಟು ತಿನ್ನುತ್ತೆ. ಗೇರ್, ಹಿಂದಿನ ಆಕ್ಸಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ ಇರೋ ಗಾಡಿಗೆ ಯುಟಿಟಿಒ (ಟ್ರ್ಯಾಕ್ಟರಿಗೆಂದೇ ಮಾಡಿದ ಟ್ರಾನ್ಸ್‌ಮಿಷನ್ ಎಣ್ಣೆ) ಎಣ್ಣೆಯೇ ಸರಿ. ಸುಮಾರು 30 ಲೀಟರ್ ಹಿಡಿಯುತ್ತೆ, ಡಿಪ್‌ಸ್ಟಿಕ್ ಗುರುತು ನೋಡಿಯೇ ನಿಲ್ಲಿಸಿ.

ಹೊಳವನಹಳ್ಳಿ 1035

ಸೈಡ್ ಕವರ್ ಬಿಚ್ಚಿ ನೋಡಿದ್ದಾಯ್ತು. ಪೈಪಿನ ಕುತ್ತಿಗೆ ಒಣಗಿದೆ. ಸಿಲಿಂಡರ್ ಬಾಯಿಯ ಕೆಳ ಅಂಚಿಂದ ಸ್ಲೇಟ್ ಬಳಪದ ದಪ್ಪದ ಧಾರೆ ಸುರೀತಿದೆ. ತಣ್ಣಗಿದ್ದಾಗ 4 ನಿಮಿಷ, ಬಿಸಿಯಾದ ಮೇಲೆ ಎರಡೂವರೆ. ಅಂದ್ರೆ ಕವರ್ ಎತ್ತಲೇಬೇಕು. ಆದರೆ ಹೊಸ ಓರಿಂಗ್ ಎರಡು ತಿಂಗಳಲ್ಲಿ ಯಾಕೆ ಹೋಯ್ತು?

ಓರಿಂಗ್ ಅಂಗಡಿ, ತುಮಕೂರು

ಬಿಚ್ಚಿದ ಮೇಲೆ ಹಳೇ ಓರಿಂಗನ್ನು ಕತ್ತರಿಸಿ ಬಿಸಾಕಬೇಡಿ. ಅದರ ಮೈಮೇಲೇ ಎಲ್ಲಾ ಬರೆದಿರುತ್ತೆ.

ಒಂದು ಪಕ್ಕದ ಅಂಚು ಇಲಿ ಕಡಿದ ಹಾಗೆ ಚೂರು ಚೂರು ಹೋಗಿದ್ದರೆ, ಒತ್ತಡಕ್ಕೆ ರಬ್ಬರ್ ಪಿಸ್ಟನ್–ಬೋರ್ ಸಂದಿಗೆ ನುಗ್ಗಿ ಕತ್ತರಿಸಿಕೊಂಡಿದೆ. ಅಂದರೆ ಸಂದು ಜಾಸ್ತಿ, ಇಲ್ಲಾ ಓರಿಂಗಿಗೆ ಪಕ್ಕದಲ್ಲಿ ಆಸರೆ ಕೊಡೋ ಗಟ್ಟಿ ಬ್ಯಾಕಪ್ ರಿಂಗ್ ಇಲ್ಲ, ಇದ್ದರೂ ತಪ್ಪು ಪಕ್ಕದಲ್ಲಿದೆ. ಗುಂಡಗಿದ್ದದ್ದು ಚಪ್ಪಟೆಯಾಗಿ ಒಂದು ಕಡೆ ಗೋಡೆ ಕಟ್ಟಿದ ಹಾಗಿದ್ದರೆ ವಯಸ್ಸು, ಬಿಸಿ. ಹಗ್ಗ ಹೊಸೆದ ಹಾಗೆ ಸುರುಳಿ ಗಾಯ ಇದ್ದರೆ ಒಣಗಿದ್ದಾಗಲೇ ತುರುಕಿದ್ದಾರೆ, ಇಲ್ಲಾ ಬೋರು ಒರಟು. ಉಬ್ಬಿ ಮೆತ್ತಗಾಗಿದ್ದರೆ ರಬ್ಬರ್ ಜಾತಿಯೇ ತಪ್ಪು. ಬ್ರೇಕ್ ಎಣ್ಣೆಗೆ ಮಾಡಿದ ರಬ್ಬರ್ ಈ ಎಣ್ಣೆಯಲ್ಲಿ ಊದಿಕೊಳ್ಳುತ್ತೆ, ನೋಡೋಕೆ ಎರಡೂ ಕಪ್ಪೇ. ಇಲ್ಲಿಗೆ ನೈಟ್ರೈಲ್ ರಬ್ಬರ್ ಬೇಕು, ಆಡೋ ಪಿಸ್ಟನ್ನಿಗೆ 90 ಶೋರ್ ಗಡಸುತನದ್ದು ಸಿಕ್ಕರೆ ಒಳ್ಳೇದು. ಕೆಂಪು ಸಿಲಿಕಾನ್ ರಿಂಗು ಚೆಂದ ಕಾಣುತ್ತೆ, ಉಜ್ಜಾಟಕ್ಕೆ ತಡೆಯಲ್ಲ.

ಇನ್ನೊಂದು ದೊಡ್ಡ ತಪ್ಪು ಅಳತೆಯದು. ಹಳೇ ರಿಂಗ್ ತಂದು "ಇದೇ ಥರ ಕೊಡಿ" ಅಂತಾರೆ. ಹಳೇದು ಸವೆದು ಚಪ್ಪಟೆಯಾಗಿರುತ್ತೆ, ಅಂಗಡಿಯವರು ಕ್ಯಾಲಿಪರ್ ಇಟ್ಟು 5 ಮಿ.ಮೀ. ದಪ್ಪದ್ದು ಕೊಡ್ತಾರೆ. ಈ ಗಾಡಿಗಳು ಇಂಚಿನ ಲೆಕ್ಕದಲ್ಲಿ ಹುಟ್ಟಿದ್ದು, ಇಂಚಿನ ಸರಣಿಯಲ್ಲಿ ಹತ್ತಿರದ ದಪ್ಪ 5.33. ಮೂರು ಕೂದಲೆಳೆ ವ್ಯತ್ಯಾಸ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ, ಅಂಕಿಗಳು ಉದಾಹರಣೆಗೆ:

ಬೋರ್ 76.30 ಮಿ.ಮೀ., ಪಿಸ್ಟನ್ ಕಚ್ಚಿನ (ರಿಂಗ್ ಕೂರೋ ತೋಡು) ತಳದ ವ್ಯಾಸ 66.80. ಕಳೆದು ಎರಡರಿಂದ ಭಾಗಿಸಿದರೆ ರಿಂಗಿಗೆ ಸಿಗೋ ಜಾಗ 4.75. ಅದರಲ್ಲಿ 5.33 ಕೂರಿಸಿದರೆ 0.58 ಅಮುಕುತ್ತೆ, ಅಂದರೆ ಶೇ. 11. ಆಡೋ ಓರಿಂಗಿಗೆ ಶೇ. 10ರಿಂದ 15 ಸಾಕು. ಅದೇ ಜಾಗದಲ್ಲಿ 5.00 ಹಾಕಿದರೆ ಅಮುಕೋದು ಶೇ. 5 ಮಾತ್ರ. ಬೋರ್ ಸವೆದು 76.60 ಆಗಿದ್ದರೆ ಜಾಗ 4.90, 5.00 ರಿಂಗಿಗೆ ಅಮುಕು ಬರೀ ಶೇ. 2. ಹೊಸದರಲ್ಲಿ ಹದಿನೈದು ದಿನ ಹಿಡಿದು, ರಬ್ಬರ್ ಸ್ವಲ್ಪ ಕೂತ ತಕ್ಷಣ ಬಿಡುತ್ತೆ. ನಿಮ್ಮ ಹದಿನೈದು ದಿನದ ಲೆಕ್ಕ ಇಲ್ಲೇ ಇರಬೇಕು.

ಅದಕ್ಕೇ ಹಳೇ ರಿಂಗ್ ತರಬೇಡಿ ಅನ್ನೋದು. ಪಿಸ್ಟನ್ನನ್ನೇ ತನ್ನಿ, ಬೋರಿನ ಅಳತೆ ಚೀಟಿ ತನ್ನಿ.

ಗುಬ್ಬಿ ತೋಟ

ಒಂದೇ ಕಚ್ಚಿಗೆ ಎರಡು ತೆಳು ಓರಿಂಗ್ ಹಾಕಿದರೆ ಬಿಗಿ ಬರುತ್ತೆ ಅಂತಾರಲ್ಲ?

ಓರಿಂಗ್ ಅಂಗಡಿ, ತುಮಕೂರು

ಬೇಡಿ. ತೆಳು ರಿಂಗ್ ಕಚ್ಚಿನ ತಳದಿಂದ ಬೋರಿನವರೆಗೆ ಮುಟ್ಟೋದೇ ಇಲ್ಲ. ಎರಡಲ್ಲ, ಹತ್ತು ಪಕ್ಕಪಕ್ಕ ಇಟ್ಟರೂ ಎತ್ತರ ಹೆಚ್ಚಲ್ಲ. ಕಚ್ಚಿನ ತಳಕ್ಕೆ ದಾರ ಸುತ್ತಿ ಮೇಲೆ ಓರಿಂಗ್ ಹಾಕೋದೂ ಇದೇ ಜಾತಿ.

ಚಿಂತಾಮಣಿ ಮೆಕ್ಯಾನಿಕ್

ಕವರ್ ಎತ್ತೋ ಕ್ರಮ ಬರೀತೀನಿ, ಹೊಳವನಹಳ್ಳಿ ಅಣ್ಣನಿಗೆ ಒಂದು ಸಲ ಆಗಿದೆ, ಬೇರೆಯವರಿಗೂ ಆಗಲಿ.

ಕಲ್ಟಿವೇಟರ್ ಬಿಚ್ಚಿ, ಲಿವರ್ ಪೂರ್ತಿ ಕೆಳಗೆ, ಆರ್ಮ್‌ಗಳನ್ನು ಕೈಯಲ್ಲಿ ಒತ್ತಿ ಕೆಳಗೆ ತನ್ನಿ. ಸಿಲಿಂಡರಿನಲ್ಲಿ ಒತ್ತಡ ಉಳೀಬಾರದು. ಮೊದಲು ಕವರಿನ ಸುತ್ತ ತೊಳೆದು ಗಾಳಿ ಹೊಡೀರಿ. ನಮ್ಮ ಕೆಂಪು ಮಣ್ಣಿನಲ್ಲಿ ಕಲ್ಲಿನ ಪುಡಿ ಇದೆ, ಒಂದು ಚಿಟಿಕೆ ಒಳಗೆ ಬಿದ್ದರೆ ಎಮರಿ ಪುಡಿ ಹಾಕಿದ ಹಾಗೇ. ಸೀಟು, ಲಿಫ್ಟ್ ರಾಡ್, ಟಾಪ್ ಲಿಂಕ್ ಬಿಚ್ಚಿ. ಆಮೇಲೆ ಪೈಪಿನ ಮೇಲಿನ ಮುಚ್ಚಳ ತೆಗೆದು ನಿಂತ ಪೈಪನ್ನು ಮೇಲಕ್ಕೆ ಎಳೆದುಬಿಡಿ. ಇದನ್ನು ಮರೆತು ಕವರ್ ಎತ್ತಿದರೆ ಪೈಪ್ ಬಾಗುತ್ತೆ.

ಬೋಲ್ಟುಗಳೆಲ್ಲಾ ಒಂದೇ ಉದ್ದ ಇರಲ್ಲ. ರಟ್ಟಿನ ಮೇಲೆ ಕವರಿನ ಚಿತ್ರ ಗೀಚಿ, ತೂತು ಮಾಡಿ ಅಲ್ಲಲ್ಲಿಗೇ ಚುಚ್ಚಿಡಿ. ಎತ್ತೋಕೆ ಚೈನ್ ಪುಲ್ಲಿ ಹಾಕಿ, ನೇರ ಮೇಲಕ್ಕೆ ಬರಲಿ. ಒಳಗಿನ ಕಂಟ್ರೋಲ್ ಲಿವರ್‌ಗಳು ನೇತಾಡ್ತಿರುತ್ತವೆ, ವಾರೆ ಎಳೆದರೆ ಬಾಗುತ್ತವೆ. ಕವರನ್ನು ಬೆಂಚಿನ ಮೇಲೆ ತಲೆಕೆಳಗಾಗಿ ಮಲಗಿಸಿ, ಸಿಲಿಂಡರ್ ಹಿಡಿದಿರೋ ನಟ್ ಬಿಚ್ಚಿ. ಸಿಲಿಂಡರ್ ಮತ್ತು ಕವರ್ ನಡುವಿನ ಸೀಲನ್ನೂ ನೋಡಿ, ಅಲ್ಲಿ ಹೋದರೂ ಲಿಫ್ಟ್ ಇಳಿಯುತ್ತೆ.

ಪಿಸ್ಟನ್ ಕೈಯಲ್ಲಿ ಬರದಿದ್ದರೆ ಗಾಳಿ ಕೊಡ್ತಾರೆ. ಇಲ್ಲಿ ಎಚ್ಚರ. ಮೂರಿಂಚು ಪಿಸ್ಟನ್ನಿಗೆ ಕಂಪ್ರೆಸರಿನ 7 ಬಾರ್ ಬಿಟ್ಟರೆ ಮುನ್ನೂರು ಕೆ.ಜಿ.ಗೂ ಮೇಲೆ ಒತ್ತು. ಸಿಕ್ಕಿಕೊಂಡಿದ್ದ ಪಿಸ್ಟನ್ ಒಮ್ಮೆಗೇ ಬಿಟ್ಟರೆ ಗುಂಡು ಹಾರಿದ ಹಾಗೆ ಬರುತ್ತೆ. ಬಾಯಿಗೆ ಅಡ್ಡ ಮರದ ತುಂಡು ಬಿಗಿದು, ಗೋಣಿ ಸುತ್ತಿ, 1 ಬಾರ್‌ನಿಂದ ಶುರು ಮಾಡಿ. ಎದುರಿಗೆ ಯಾರೂ ನಿಲ್ಲಬಾರದು.

ಹೊಳವನಹಳ್ಳಿ 1035

ಬಿಚ್ಚಿದ್ದಾಯ್ತು. ಓರಿಂಗಿನ ಒಂದು ಪಕ್ಕ ಪೂರ್ತಿ ಕಡಿದ ಹಾಗಿದೆ, ದಪ್ಪ ಒಳ್ಳೇ ಜಾಗದಲ್ಲಿ 4.9 ಬರ್ತಿದೆ. ಕಚ್ಚಿನಲ್ಲಿ ಓರಿಂಗ್ ಒಂದೇ ಇತ್ತು. ಕಳೆದ ಸಲ ಬಿಚ್ಚಿದಾಗ ಅದರ ಪಕ್ಕ ಗಟ್ಟಿಯಾದ, ಸೀಳಿದ ಒಂದು ರಿಂಗ್ ಇತ್ತು, ಮುರಿದಿದೆ ಅಂತ ಬಿಸಾಕಿದ್ದು. ಬೋರಿನಲ್ಲಿ ಉಗುರು ಆಡಿಸಿದರೆ ಬಾಯಿಂದ ನಾಲ್ಕು ಬೆರಳು ಒಳಗೆ ಒಂದು ಮೆಟ್ಟಿಲು ತಗಲುತ್ತೆ. ತುಕ್ಕಿನ ಚುಕ್ಕೆಯೂ ಇದೆ.

ಓರಿಂಗ್ ಅಂಗಡಿ, ತುಮಕೂರು

ಬಿಸಾಕಿದ್ದೇ ಬ್ಯಾಕಪ್ ರಿಂಗ್ ಸರ್. ಎಣ್ಣೆ ತಡೆಯೋದು ಓರಿಂಗ್, ಓರಿಂಗು ಸಂದಿಗೆ ನುಗ್ಗದ ಹಾಗೆ ತಡೆಯೋದು ಅದು. ಕೂರೋ ಜಾಗ ಒಂದೇ: ಒತ್ತಡದ ಎದುರು ಪಕ್ಕ. ಪಿಸ್ಟನ್ನಿನ ಮುಚ್ಚಿದ ಮುಖದ ಕಡೆ ಓರಿಂಗ್, ತೆರೆದ ಬಾಯಿ ಕಡೆ ಬ್ಯಾಕಪ್. ತಿರುಗಾಮುರುಗಾ ಹಾಕಿದರೆ ಹಾಕಿಯೂ ಇಲ್ಲದ ಹಾಗೆ. ಹಳೇ ಕಿಟ್ಟಿನಲ್ಲಿ ಚರ್ಮದ್ದು ಬರ್ತಿತ್ತು. ಅದು ಸಿಕ್ಕರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ನೆನೆಹಾಕಿ. ಈಗಿನ ಬಿಳಿ ಟೆಫ್ಲಾನ್ ರಿಂಗಿಗೆ ಓರೆ ಸೀಳು ಇರುತ್ತೆ, ಎರಡು ತುದಿ ಒಂದರ ಮೇಲೊಂದು ಸರಿಯಾಗಿ ಕೂತಿದೆಯಾ ನೋಡಿ.

ಟಿಇ20 ಥರದ ತೀರಾ ಹಳೇ ಗಾಡಿಗಳಲ್ಲಿ ರಬ್ಬರೇ ಇರಲ್ಲ, ಇಂಜಿನ್ ಪಿಸ್ಟನ್ ಥರ ಬೀಡಿನ ರಿಂಗುಗಳು. ಅವು ಸ್ವಲ್ಪ ಜಿನುಗೇ ಜಿನುಗ್ತವೆ. ಬಾಯಿಗಳನ್ನು ಒಂದೇ ಸಾಲಿಗೆ ಬಿಡದೇ ಸುತ್ತ ಹಂಚಿ ಕೂರಿಸಿ.

ಮಾಲೂರು ಲೇತ್

ಮೆಟ್ಟಿಲು ಉಗುರಿಗೆ ತಗಲುತ್ತೆ ಅಂದ್ರೆ ಬರೀ ಓರಿಂಗ್ ಕೆಲಸ ಅಲ್ಲ. ಸಿಲಿಂಡರ್ ತನ್ನಿ, ಪಿಸ್ಟನ್ನೂ ತನ್ನಿ.

ಬೋರ್ ಗೇಜಿನಲ್ಲಿ ಮೂರು ಆಳದಲ್ಲಿ, ಪ್ರತಿ ಆಳದಲ್ಲಿ ಎರಡು ದಿಕ್ಕಿಗೆ ಅಳೀಬೇಕು. ಸವೆತ ಎಲ್ಲಾ ಕಡೆ ಒಂದೇ ಇರಲ್ಲ. ರಸ್ತೆಯಲ್ಲಿ ಕಲ್ಟಿವೇಟರ್ ಎತ್ತಿಕೊಂಡು ಹೋಗುವಾಗ ಪಿಸ್ಟನ್ ನಿಲ್ಲೋ ಜಾಗ, ಅಲ್ಲೇ ಕುಲುಕಾಟಕ್ಕೆ ಹೆಚ್ಚು ತಿನ್ನುತ್ತೆ. ಅದಕ್ಕೇ ಕೆಲವು ಗಾಡಿಗಳಲ್ಲಿ ಅರ್ಧ ಎತ್ತಿದರೆ ನಿಲ್ಲುತ್ತೆ, ಪೂರ್ತಿ ಎತ್ತಿದರೆ ಇಳಿಯುತ್ತೆ. ಈ ಲಕ್ಷಣ ಕಂಡರೆ ಬೋರ್ ಸವೆದಿದೆ ಅಂತ ಬಿಚ್ಚದೇ ಹೇಳಬಹುದು.

ಸವೆತ 0.05 ಮಿ.ಮೀ. ಒಳಗಿದ್ದರೆ ಹೋನಿಂಗ್ (ತಿರುಗೋ ಕಲ್ಲಲ್ಲಿ ಬೋರ್ ನಯ ಮಾಡೋದು) ಸಾಕು. 220 ಕಲ್ಲಲ್ಲಿ ಶುರು, 400ರಲ್ಲಿ ಮುಗಿಸೋದು. ಕೈಯಲ್ಲಿ ಎಮರಿ ಪೇಪರ್ ಉಜ್ಜೋದು ಹೋನಿಂಗ್ ಅಲ್ಲ, ಉದ್ದುದ್ದ ಗೀರು ಬಿದ್ದು ಎಣ್ಣೆಗೆ ಕಾಲುವೆ ತೆಗೆದ ಹಾಗೆ ಆಗುತ್ತೆ. 0.15 ದಾಟಿದರೆ ಹೋನ್ ಮಾಡಿ ಸಾಪು ಮಾಡಬಹುದು, ಆದರೆ ಪಿಸ್ಟನ್ ಹಳೇದೇ ಇರೋದರಿಂದ ಸಂದು ದೊಡ್ಡದಾಗುತ್ತೆ, ಓರಿಂಗ್ ಮತ್ತೆ ಕಡಿದುಕೊಳ್ಳುತ್ತೆ. ಆಗ ಸ್ಲೀವ್. ಬೋರನ್ನು ವ್ಯಾಸದಲ್ಲಿ 5–6 ಮಿ.ಮೀ. ದೊಡ್ಡದು ಮಾಡಿ, ಬೀಡಿನ ಸ್ಲೀವ್ ಬಿಗಿಯಾಗಿ ಪ್ರೆಸ್ ಮಾಡಿ, ಪಿಸ್ಟನ್ ಅಳತೆಗೆ ತಕ್ಕಂತೆ ಒಳಗೆ ಹೋನ್ ಮಾಡೋದು. ಬಾಯಲ್ಲಿ 15–20 ಡಿಗ್ರಿ ಇಳಿಜಾರು ಕೊಡೋದು ಮರೀಬಾರದು, ಇಲ್ಲದಿದ್ದರೆ ಹೊಸ ಓರಿಂಗ್ ಹಾಕುವಾಗಲೇ ಚೂಪು ಅಂಚಿಗೆ ಕತ್ತರಿಸಿಹೋಗುತ್ತೆ.

ಹೋನ್ ಆದ ಮೇಲೆ ಡೀಸೆಲ್‌ನಲ್ಲಿ ತೊಳೆದರೆ ಕಲ್ಲಿನ ಪುಡಿ ಹೋಗಲ್ಲ. ಬಿಸಿನೀರು, ಸೋಪಿನ ಪುಡಿ, ಬ್ರಷ್. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳೀನೇ ಇರಬೇಕು. ತಕ್ಷಣ ಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟರೆ ತುಕ್ಕು ಹಿಡಿಯುತ್ತೆ.

ಗೌರಿಬಿದನೂರು ಹಳೇಗಾಡಿ

ಲೇತಿನವರ ಮಾತಿಗೆ ಅರ್ಧ ಒಪ್ಪಿಗೆ. 1035ಕ್ಕೆ ಸಿಲಿಂಡರ್, ಪಿಸ್ಟನ್, ಸೀಲ್ ಸೇರಿ ಸೆಟ್ಟೇ ಸಿಗುತ್ತೆ. ದೊಡ್ಡಬಳ್ಳಾಪುರದಲ್ಲೇ ಕಂಪನಿ ಫ್ಯಾಕ್ಟರಿ ಇರೋ ಗಾಡಿಗೆ ನಮ್ಮ ಜಿಲ್ಲೆಗಳಲ್ಲಿ ಭಾಗಕ್ಕೆ ಬರ ಇಲ್ಲ. ಸ್ಲೀವ್ ಖರ್ಚು ಮತ್ತು ಸೆಟ್ಟಿನ ಬೆಲೆ ಎರಡನ್ನೂ ಕೇಳಿ. ಆದರೆ ಹೊರಗಿನ ಸೆಟ್ ತಗೊಂಡರೆ ಹೊಸದು ಅಂತ ಕಣ್ಮುಚ್ಚಿ ಹಾಕಬೇಡಿ, ಅದನ್ನೂ ಗೇಜಿನಲ್ಲಿ ಅಳೀರಿ. ಸ್ಲೀವ್ ಬೇಕಾಗೋದು ಭಾಗ ಸಿಗದ ಗಾಡಿಗೆ: ಹಳೇ ಜೆಟರ್ 2511, ಅದರ ಮಾದರಿಯಲ್ಲೇ 1971ರಿಂದ ಪಿಂಜೋರಿನಲ್ಲಿ ಬಂದ ಎಚ್‌ಎಂಟಿ, ಹಳೇ ಐಷರ್. ಅಂಥವಕ್ಕೆ ಮಾಲೂರು ಅಣ್ಣನೇ ಗತಿ.

ಮಾಲೂರು ಲೇತ್

ಅಳೀರಿ ಅನ್ನೋದು ಸರಿಯಾದ ಮಾತು. ಹೊಸ ಸಿಲಿಂಡರಿನಲ್ಲೂ ಬಾಯಿಗೂ ತಳಕ್ಕೂ ಅಳತೆ ಬೇರೆ ಬರೋದು ಉಂಟು.

ಪಾವಗಡ ಬಿ275

ನನ್ನ ಬಿ275 ಟ್ರ್ಯಾಕ್ಟರಿಗೂ ಇದೇ ಹೊಂದುತ್ತಾ? ಪಕ್ಕದ ಮನೆಯಲ್ಲಿ ಫೋರ್ಡ್ 3600 ಕೂಡ ಇಳೀತಿದೆ.

ಗೌರಿಬಿದನೂರು ಹಳೇಗಾಡಿ

ಬಿ275 ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ವಂಶ, ಪಂಪು, ವಾಲ್ವು ಎಲ್ಲಾ ಬೇರೆ. ಆ ಬಿಕ್ಕಳಿಕೆ ಲೆಕ್ಕವನ್ನು ಅದಕ್ಕೆ ಹಾಗೇ ಹಚ್ಚಬೇಡಿ. ಪಿಸ್ಟನ್, ಬೋರ್, ಓರಿಂಗ್ ಅಳತೆಯ ಮಾತು ಮಾತ್ರ ಎಲ್ಲಕ್ಕೂ ಒಂದೇ.

3600ರಲ್ಲಿ ಒಂದು ವಿಶೇಷ ಇದೆ. ಲಿಫ್ಟ್ ಸಿಲಿಂಡರಿಗೇ ಒಂದು ಸೇಫ್ಟಿ ವಾಲ್ವ್ ಇರುತ್ತೆ, ಗುಂಡಿಯಲ್ಲಿ ಗಾಡಿ ಕುಲುಕಿದಾಗ ನೇತಾಡೋ ಭಾರದ ಹೊಡೆತ ತಡೆಯೋಕೆ. ಅದರ ಸೀಟಿನಲ್ಲಿ ಕಸ ಕೂತರೆ ಅಲ್ಲಿಂದಲೇ ಎಣ್ಣೆ ಹೋಗುತ್ತೆ. ಪಿಸ್ಟನ್ ಸೀಲ್ ಮೂರು ಸಲ ಬದಲಾಯಿಸಿದರೂ ಇಳೀತಾನೇ ಇರುತ್ತೆ. ಅಲ್ಲಿ ಮೊದಲು ಆ ವಾಲ್ವು ಬಿಚ್ಚಿ ತೊಳೀರಿ. ಅದರ ಸ್ಪ್ರಿಂಗಿಗೆ ವಾಷರ್ ಕೊಟ್ಟು ಬಿಗಿ ಮಾಡೋ ಬುದ್ಧಿ ಬೇಡ, ಕವರ್ ಬಿರುಕು ಬಿಡುತ್ತೆ.

ಬಂಗಾರಪೇಟೆ ಟ್ರಾಲಿ

ನಡುವೆ ಬಾಯಿ ಹಾಕ್ತೀನಿ. ಇಟ್ಟಿಗೆ ಹೊಡೆಯೋ ಟಿಪ್ಪಿಂಗ್ ಟ್ರಾಲಿಯ ಜಾಕಿ ರಾಡ್ ಸುತ್ತ ಸೋರ್ತಿದೆ. ಗ್ಲ್ಯಾಂಡ್ ನಟ್ ಬಿಗಿ ಮಾಡಿದರೆ ಎರಡು ದಿನ ನಿಲ್ಲುತ್ತೆ.

ಓರಿಂಗ್ ಅಂಗಡಿ, ತುಮಕೂರು

ರಾಡನ್ನು ಪೂರ್ತಿ ಹೊರಗೆ ತೆಗೆದು, ಒರೆಸಿ, ಉಗುರು ಆಡಿಸಿ ನೋಡಿ. ಕ್ರೋಮ್ ಎದ್ದು ತುಕ್ಕಿನ ಗುಳಿ ಬಿದ್ದಿದ್ದರೆ ಯಾವ ಸೀಲ್ ಹಾಕಿದರೂ ಆ ಗುಳಿ ಅದನ್ನು ಹೆರೆಯುತ್ತೆ. ಇಟ್ಟಿಗೆ ಧೂಳು ಅಂದಮೇಲೆ ಹೊರಗಿನ ವೈಪರ್ ಸೀಲ್ ಮೊದಲು ಹೋಗಿರುತ್ತೆ, ಅದನ್ನು ಬಿಟ್ಟು ಒಳಗಿನದನ್ನೇ ಬದಲಾಯಿಸ್ತಾರೆ. ಎರಡೂ ಬದಲಾಯಿಸಿ. ಯು ಸೀಲಿನ ತುಟಿ ಎಣ್ಣೆ ಇರೋ ಕಡೆಗೆ ಇರಲಿ. ರಾಡಿನ ತುದಿಯ ಮರೆಗೆ (ಥ್ರೆಡ್ಡಿಗೆ) ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಸೀಲ್ ದಾಟಿಸಿ, ಇಲ್ಲದಿದ್ದರೆ ಮರೆ ಕೊಯ್ಯುತ್ತೆ.

ಸೋರೋ ಜಾಗ ಹುಡುಕೋಕೆ ಬೆರಳು ಆಡಿಸಬೇಡಿ. ನೂರು ಬಾರ್ ದಾಟಿದ ಎಣ್ಣೆ ಸೂಜಿ ಥರ ಚರ್ಮದೊಳಗೆ ಹೋಗುತ್ತೆ. ಮೇಲೆ ಸಣ್ಣ ಚುಕ್ಕೆ, ಒಳಗೆ ಕೈಯೇ ಕೊಳೆಯೋ ಕೆಲಸ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಟ್ಟು ಹಿಡಿದು ನೋಡಿ.

ಹೊಳವನಹಳ್ಳಿ 1035

ಬೋರ್ ಅಳತೆ ಬಂತು. ತಳದಲ್ಲಿ ಮತ್ತು ಬಾಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಮೆಟ್ಟಿಲಿನ ಹತ್ತಿರ 0.22 ಜಾಸ್ತಿ. ಸೆಟ್ಟೇ ತಗೊಂಡೆ, ಹೊಸ ಸಿಲಿಂಡರನ್ನೂ ಅಳೆಸಿದೆ, ವ್ಯತ್ಯಾಸ 0.02. ಇಳಿಸಿದ ಎಣ್ಣೆ ಹಾಲು ಬೆರೆಸಿದ ಕಾಫಿ ಬಣ್ಣಕ್ಕಿದೆ. ಸೋಸಿ ಅದನ್ನೇ ಹಾಕಬಹುದಾ?

ಚಿಂತಾಮಣಿ ಮೆಕ್ಯಾನಿಕ್

ಹಾಕಬೇಡಿ ಅಣ್ಣ, ಅದರಲ್ಲಿ ನೀರಿದೆ. ಅನುಮಾನ ಇದ್ದರೆ ಒಲೆ ಮೇಲೆ ಹಳೇ ಹಂಚು ಕಾಯಿಸಿ ನಾಲ್ಕು ತೊಟ್ಟು ಬಿಡಿ, ನೀರಿದ್ದರೆ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುತ್ತೆ. ಬೋರಿನ ತುಕ್ಕಿನ ಚುಕ್ಕೆಗೂ ಇದೇ ಕಾರಣ. ಬಟ್ಟೆಯಲ್ಲಿ ಸೋಸಿದರೆ ಕಸ ಹೋಗುತ್ತೆ, ನೀರು ಹೋಗಲ್ಲ. ಗೇರ್ ಲಿವರಿನ ರಬ್ಬರ್ ಟೋಪಿ ಹರಿದಿದೆಯಾ ನೋಡಿ, ಮಳೆಯಲ್ಲಿ ನಿಂತ ಗಾಡಿಗೆ ನೀರು ಅಲ್ಲಿಂದಲೇ ಇಳಿಯೋದು. ಪಂಪಿನ ಜಾಲರಿ ಫಿಲ್ಟರನ್ನೂ ಇದೇ ಕೈಯಲ್ಲಿ ತೊಳೀರಿ.

ಜೋಡಿಸುವಾಗ: ಪಿಸ್ಟನ್, ಬೋರ್, ರಿಂಗ್ ಮೂರಕ್ಕೂ ಅದೇ ಹೊಸ ಎಣ್ಣೆ ಸವರಿ, ಗ್ರೀಸ್ ಬೇಡ. ಹೆಬ್ಬೆರಳಲ್ಲಿ ಸುತ್ತ ಒತ್ತಿಕೊಂಡು ನೇರ ತಳ್ಳಿ, ಸುತ್ತಿಗೆ ಮುಟ್ಟೋ ಹಾಗಿಲ್ಲ. ಪಿಸ್ಟನ್ ರಾಡ್ ಕೂರೋ ಆರ್ಮಿನ ಪಿನ್ ಸಡಿಲ ಇದ್ದರೆ ಈಗಲೇ ಬದಲಾಯಿಸಿ, ಅದು ಪಿಸ್ಟನ್ನನ್ನು ಓರೆ ತಳ್ಳಿ ಒಂದೇ ಪಕ್ಕ ತಿನ್ನಿಸುತ್ತೆ. ಸಿಲಿಂಡರ್ ನಟ್ಟುಗಳನ್ನು ಎದುರು ಬದುರು ಮೂರು ಸುತ್ತಿನಲ್ಲಿ ಬಿಗಿ ಮಾಡಿ.

ಗ್ಯಾಸ್ಕೆಟ್ಟಿಗೆ ಶೆಲ್ಯಾಕ್ ತೆಳ್ಳಗೆ, ಕಾಗದದ ಹಾಗೆ. ಸಿಲಿಕಾನ್ ಟ್ಯೂಬು ಹಿಂಡಿ ಹಬ್ಬ ಮಾಡಿದರೆ ಒಳಗೆ ಎದ್ದ ದಾರ ಹೋಗಿ ಪಂಪಿನ ಜಾಲರಿಗೆ ಕೂರುತ್ತೆ.

ಕವರ್ ಇಳಿಸುವಾಗ ಎಲ್ಲರೂ ತಪ್ಪೋದು ಒಂದೇ ಕಡೆ. ಕವರಿನಿಂದ ನೇತಾಡೋ ಲಿವರಿನ ತುದಿ ಪಂಪಿನ ಕಂಟ್ರೋಲ್ ಲಿವರಿಗೆ ಸರಿಯಾಗಿ ಸಿಗಬೇಕು. ಸೈಡ್ ಕವರ್ ತೂತಿನಿಂದ ಒಬ್ಬರು ಟಾರ್ಚ್ ಹಿಡಿದು ನೋಡ್ತಾ, ಇನ್ನೊಬ್ಬರು ಇಳಿಸಬೇಕು. ಅದು ತಪ್ಪಿ ಕೂತರೆ ಲಿಫ್ಟ್ ಏಳೋದೇ ಇಲ್ಲ, ಇಲ್ಲಾ ಎದ್ದದ್ದು ಇಳಿಯಲ್ಲ. ಎಲ್ಲಾ ಬಿಗಿ ಮಾಡಿದ ಮೇಲೆ ಗೊತ್ತಾದರೆ ಮತ್ತೆ ಮೊದಲಿಂದ. ಆಮೇಲೆ ನಿಂತ ಪೈಪಿಗೆ ಹೊಸ ಓರಿಂಗ್ ಹಾಕಿ ಮೇಲಿಂದ ಇಳಿಸಿ. ಹಳೇದು ಚೆನ್ನಾಗಿದ್ದರೂ ಹೊಸದೇ ಹಾಕಿ, ಹೇಗೂ ಬಿಚ್ಚಿದ್ದೀರಿ.

ಮೊದಲು ಭಾರ ಇಲ್ಲದೇ ಸ್ಲೋ ಇಂಜಿನ್ನಲ್ಲಿ ಹತ್ತು ಹದಿನೈದು ಸಲ ಏರಿಳಿಸಿ, ಗಾಳಿ ಹೋಗಲಿ. ಎಣ್ಣೆ ಮಟ್ಟ ಮತ್ತೆ ನೋಡಿ.

ಹೊಳವನಹಳ್ಳಿ 1035

ಜೋಡಿಸಿ ನಾಲ್ಕು ದಿನ ಉತ್ತ ಮೇಲೆ ಬರೀತಿದೀನಿ. ಅದೇ ಕಲ್ಟಿವೇಟರ್, ಎಣ್ಣೆ ಬಿಸಿ ಇರುವಾಗ ಇಂಜಿನ್ ಆಫ್: ಅರ್ಧ ಗಂಟೆಗೆ ಲಿಂಕ್ ತುದಿ 14 ಮಿ.ಮೀ. ಇಳೀತು. ಇಂಜಿನ್ ಓಡುವಾಗ ಎಗರೋದು ನಿಂತಿದೆ. ಬಲಗಡೆ ಆರ್ಮ್ ಬುಡದ ಜಿನುಗು ಮಾತ್ರ ಹಾಗೇ ಇದೆ.

ಚಿಂತಾಮಣಿ ಮೆಕ್ಯಾನಿಕ್

14 ಮಿ.ಮೀ. ಒಳ್ಳೇ ಲೆಕ್ಕ, ಅಷ್ಟು ಪಂಪಿನ ವಾಲ್ವಿಂದ ಹೋಗುತ್ತೆ, ಬಿಡಿ. ಜಿನುಗಿಗೂ ಸಿಲಿಂಡರಿಗೂ ಸಂಬಂಧ ಇಲ್ಲ. ಅದು ಅಡ್ಡ ಶಾಫ್ಟಿನ ಸೀಲು, ಅಲ್ಲಿ ಬರೋದು ಒತ್ತಡ ಇಲ್ಲದ ಎಣ್ಣೆ. ಭಾರ ಇಳಿಸಿ ಆರ್ಮ್ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಶಾಫ್ಟ್ ಬುಷ್ಷಿನಲ್ಲಿ ಆಡದಿದ್ದರೆ, ಆರ್ಮಿಗೂ ಶಾಫ್ಟಿಗೂ ಸೇರಿಸಿ ಪಂಚಿನಲ್ಲಿ ಗುರುತು ಹೊಡೆದು ಆರ್ಮ್ ಎಳೀರಿ. ಹಳೇ ಸೀಲನ್ನು ಕೊಕ್ಕೆಯಲ್ಲಿ ಕಿತ್ತು ಹೊಸದು ಕೂರಿಸಿ, ಕವರ್ ಎತ್ತೋದು ಬೇಡ. ಆಡ್ತಿದ್ದರೆ ಬುಷ್ ಹೋಗಿದೆ, ಸೀಲ್ ಹಾಕಿದರೂ ನಿಲ್ಲಲ್ಲ. ಆಗ ಮುಂದಿನ ಸಲ ಕವರ್ ಎತ್ತೋವರೆಗೆ ಒಂದು ಬಟ್ಟೆ ಕಟ್ಟಿಕೊಂಡು ಓಡಿಸಿ.